ಇಬ್ಬರಿಗೆ ಉಪ್ಪು

ಮೂವತ್ತೊಂದು ವರ್ಷ ಮಾಟುಂಗದ ಹೋಟೆಲಿನಲ್ಲಿ
ಭಟ್ಟಿಯ ಮುಂದೆ ನಿಂತವನು ನಾನು.
ನಾನೂರು ಪ್ಲೇಟಿಗೆ ಸಾಂಬಾರು ಎಂದರೆ
ಉಪ್ಪೆಷ್ಟು ಎಂದು ಕೈಗೇ ಗೊತ್ತು:
ಎರಡೂವರೆ ಮುಷ್ಟಿ,
ಮೇಲೆ ಬೆರಳ ಸಂದಿಯಿಂದ ಉದುರಿದಷ್ಟು.

ಇಬ್ಬರಿಗೆ ಎಷ್ಟು?
ಯಾರೂ ಕೇಳಿರಲಿಲ್ಲ.

ಕುರ್ಲಾದಲ್ಲಿ ಲೋಕಲು ಪೂರ್ತಿ ನಿಲ್ಲುವ ಮೊದಲೇ
ಇಳಿದುಬಿಟ್ಟಳು ಜಲಜ.
ಬಲದ ಮಣಿಕಟ್ಟಿಗೆ ಆರು ವಾರದ ಪ್ಲಾಸ್ಟರು.
"ತರಕಾರಿ ಸೂಪು ಕೊಡಿ, ದಪ್ಪಗೆ" ಎಂದರು ಡಾಕ್ಟರು.

ಸೂಪೆಂದರೆ ನಮ್ಮಲ್ಲಿ
ಕಾರ್ನ್‌ಫ್ಲೋರಿನ ಗಂಜಿಗೆ ಟೊಮೆಟೊ ಬಣ್ಣ,
ಮೇಲೆ ಬ್ರೆಡ್ಡಿನ ಮೂರು ಚೂರು ತೇಲಿಬಿಟ್ಟು
ಇಡ್ಲಿಯ ಎರಡು ಪಟ್ಟು ಬಿಲ್ಲು.
ನಾನೇ ಕಲಕಿದ್ದೇನೆ ಸಾವಿರ ಸಲ,
ಹೆಂಡತಿಗೆ ಕೊಡಲು ಮನಸ್ಸು ಬರಲಿಲ್ಲ.

"ಸೂಪು ಗೀಪು ಬೇಡ ಮಾರಾಯ್ರೆ, ಕೊದ್ದೆಲು ಮಾಡಿ"
ಎಂದಳು ಮಂಚದಿಂದಲೇ,
ಪ್ಲಾಸ್ಟರಿನ ಕೈಯನ್ನು ದಿಂಬಿನ ಮೇಲೆ ಕೂರಿಸಿ.
ದೊಡ್ಡ ಭಟ್ಟರೂ ನನ್ನನ್ನು ಹಾಗೆ ನೋಡಿದ್ದಿಲ್ಲ.

ಮಾಟುಂಗದಿಂದ ತಂದೆ ಒಂದು ಮಂಗಳೂರು ಸೌತೆ,
ಅರ್ಧ ಕೊಡು ಎಂದರೆ ನಕ್ಕುಬಿಟ್ಟ ಅಂಗಡಿಯವ;
ಸುವರ್ಣಗಡ್ಡೆ, ಹರಿವೆ ದಂಟು, ಹಲಸಿನ ಬೀಜ ಎಂಟಾಣೆ ಗಾತ್ರದ್ದು,
ಭಾಂಡುಪಿನ ಸಂತೆಯ ಕೆಂಪು ಗಾಜರು, ಸಿಹಿಗುಂಬಳ.
ಕತ್ತಿಗೆ ನಿಲ್ಲುವುದು ಗೊತ್ತಿಲ್ಲವಲ್ಲ,
ಅವಳು ತಲೆ ಎತ್ತುವುದರೊಳಗೆ ಪರಾತ ತುಂಬಿತು.
"ಯಾರ ಮದುವೆ?" ಎಂದಳು.

ಒಂದು ಪಾತ್ರೆ ತುಂಬಿತು, ಕುಕ್ಕರು ತುಂಬಿತು,
ಹಾಲಿನ ಪಾತ್ರೆಯನ್ನೂ ಒಲೆಗೆ ಏರಿಸಿದೆ.
"ಬೇಳೆ ಮುಷ್ಟಿಯಲ್ಲಲ್ಲ, ಆ ಲೋಟದಲ್ಲಿ!
ಅಂಚು ಒಡೆದದ್ದು. ಒಡೆದ ಕಡೆಯವರೆಗೆ."
"ಉಪ್ಪು?"
"ನೀರು ನೋಡಿ ಹಾಕಿ."
ನೀರು ನೋಡಿದರೆ ನೀರು ಕಂಡಿತು,
ಉಪ್ಪು ಕಾಣಲಿಲ್ಲ.

ಹೋಟೆಲಿನ ಎಕ್ಸಾಸ್ಟ್ ಫ್ಯಾನಿನಡಿ
ಕುದಿಯುವ ಸದ್ದನ್ನು ನಾನು ಕೇಳಿದವನೇ ಅಲ್ಲ.
ಇಲ್ಲಿ ಕೇಳಿತು. ಹುರಿದ ಮೆಣಸು, ತೆಂಗಿನಕಾಯಿ ಅರೆದು ಸೇರಿಸಿದ ಮೇಲೆ
ರಸ ದಪ್ಪವಾಗಿ, ಮಾತು ನಿಧಾನವಾಗಿ,
ಗೊಟಕ್... ಗೊಟಕ್...
ಬುಡದಲ್ಲಿ ಸುವರ್ಣಗಡ್ಡೆ
ಮಗ್ಗುಲು ಬದಲಿಸುವ ಸದ್ದು.

ಕೊಬ್ಬರಿ ಎಣ್ಣೆಯಲ್ಲಿ ಬೆಳ್ಳುಳ್ಳಿ ಕೆಂಪಾದದ್ದೇ
ಓಣಿಯ ಆ ತುದಿಯಿಂದ ಶಿರ್ಕೆ ಬಾಯಿ ಬಟ್ಟಲು ಹಿಡಿದು ಬಂದಳು,
ಅವಳ ಹಿಂದೆ ಹಂಸಾಬೆನ್, ಬೆಳ್ಳುಳ್ಳಿ ಮುಟ್ಟದವಳು,
ಸುಮ್ಮನೆ ಜಲಜನ ಕೈ ನೋಡಲು.
ಕುಕ್ಕರು ಖಾಲಿಯಾಯಿತು, ನನಗೆ ಸಮಾಧಾನವಾಯಿತು,
ಜನ ಹೆಚ್ಚಿದಷ್ಟೂ ಲೆಕ್ಕ ನನ್ನ ಕೈಗೆ ಹತ್ತಿರ.

ಅವರು ಹೋದ ಮೇಲೆ, ನಮ್ಮ ಪಾಲು ಬಗ್ಗಿಸಿಡಲು
ಗೋಡೆಯ ಮೊಳೆಯಿಂದ ಇಳಿಸಿದೆ ಒಂದು ಪುಟ್ಟ ಪಾತ್ರೆ.
ತಳ ಕಪ್ಪು, ಕಂಠ ನುಣುಪು,
ಈ ಮನೆಯಲ್ಲಿ ಅತಿ ಹೆಚ್ಚು ದುಡಿದದ್ದು ಅದೇ ಎಂದು
ನೋಡಿದರೇ ತಿಳಿಯುತ್ತಿತ್ತು.
"ಇದು ಯಾವುದಕ್ಕೆ?"
"ಅದು ನನ್ನ ಕೊದ್ದೆಲಿನ ಪಾತ್ರೆ," ಎಂದಳು.
"ಒಬ್ಬಳಿಗೆ ಸಾಕಲ್ಲ."

ನನ್ನ ಊಟ ಹೋಟೆಲಿನಲ್ಲಿ,
ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ,
ಮಗಳು ಊರಿನಲ್ಲಿ ಅಜ್ಜಿಯ ಕೈತುತ್ತು ತಿಂದು ಬೆಳೆದವಳು.
ಜಲಜ ದೂರಿ ಹೇಳಿದ್ದಲ್ಲ,
ಪಾತ್ರೆಯ ಅಳತೆ ಹೇಳಿದ್ದು.

ಅದನ್ನು ಮೊಳೆಗೆ ತೂಗಿಹಾಕಿ
ಹಾಲಿನ ಪಾತ್ರೆಯನ್ನೇ ಮಂಚದ ಬಳಿ ತಂದಿಟ್ಟೆ.
ಎಡಗೈಯಲ್ಲಿ ಚಮಚ ಹಿಡಿದು, ಸೊಟ್ಟಗೆ,
ಗಲ್ಲಕ್ಕೆ ಸ್ವಲ್ಪ ಚೆಲ್ಲಿಕೊಂಡು ರುಚಿ ನೋಡಿದಳು.
ಹೋಟೆಲಿನಲ್ಲಿ ಉಪ್ಪು ಹೆಚ್ಚಾದರೆ
ತಿರುಗಿ ಬಂದ ಬಟ್ಟಲು ಹೇಳುತ್ತಿತ್ತು,
ಕಮ್ಮಿಯಾದದ್ದನ್ನು ಯಾರೂ ಹೇಳಿದ್ದಿಲ್ಲ.

"ಸಪ್ಪೆಯಾ?"

ಅವಳು ಚಪ್ಪರಿಸಿದಳು. ಇನ್ನೊಮ್ಮೆ ಚಪ್ಪರಿಸಿದಳು.
"ಇಬ್ಬರದ್ದು ನನಗೂ ಅಂದಾಜಿಲ್ಲ,
ಒಂದು ಚಿಟಿಕೆ ಹಾಕಿ ನೋಡುವ."